ಹಾವಿನ ಹೊಟ್ಟೆಯಲ್ಲಿ ಬರಿಗಾಲು

ಬಹಳ ಹಿಂದೆ, ಈ ತುದಿಯಿಂದ ಆ ತುದಿಗೆ ನಡೆಯಲು ಮೂರು ದಿನ ಬೇಕಾಗುವಷ್ಟು ದೊಡ್ಡ ರಾಜಧಾನಿಯೊಂದಿತ್ತು. ಅದರ ನೆಲದಡಿ ಜನರನ್ನು ಹೊಟ್ಟೆಯಲ್ಲಿ ಕೂರಿಸಿಕೊಂಡು ಒಂದು ಹೆಣ್ಣು ಹಾವು ಹಗಲೆಲ್ಲ ಹರಿದಾಡುತ್ತಿತ್ತು. ಕರಿಜಟ್ಟ ಎಂಬ ಮಾಂತ್ರಿಕ ಮಾಯದ ಚಾವಟಿಯಿಂದ ಅದನ್ನು ದುಡಿಸುತ್ತಿದ್ದ. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು. ಹಾವಿಗೂ ನೋಯುತ್ತದೆಂದು ಯಾರಿಗೂ ಹೊಳೆಯಲಿಲ್ಲ.

ಆ ನಗರಕ್ಕೆ ಸೂಲಗಿತ್ತಿ ಪುಟ್ಟನಂಜಿ ಮೊದಲ ಸಲ ಬಂದಳು. ನಗರದ ಆ ತುದಿಯಲ್ಲಿ ಅವಳ ಮಗಳು ಚಿಕ್ಕತಾಯಿಗೆ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ, ಹೊತ್ತು ಮುಳುಗುವುದರೊಳಗೆ ಬಾರದಿದ್ದರೆ ಎರಡು ಜೀವಗಳೂ ಉಳಿಯುವುದಿಲ್ಲ ಎಂದು ಹೇಳಿಕಳಿಸಿದ್ದರು.

ಹಾವನ್ನೇರದೆ ಬೇರೆ ದಾರಿಯಿರಲಿಲ್ಲ. ಅದರ ಬಳಿಗೆ ಇಳಿಯಹೋದರೆ ಮೊದಲು ಕಲ್ಲಿನ ಬಾಗಿಲು ಅಡ್ಡವಾಯಿತು. ಕಾವಲಿನವರು ಕೊಟ್ಟ ತಾಮ್ರದ ಬಿಲ್ಲೆಯನ್ನು ಅವಳು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದ್ದಳು. ಅದನ್ನು ಬಾಗಿಲಿಗೆ ತೋರಿಸಬೇಕಂತೆ. ಗಂಟು ಬಿಚ್ಚುವಷ್ಟರಲ್ಲಿ ಹಿಂದಿನವರು ಗೊಣಗಿ ಗೊಣಗಿ ಸುಸ್ತಾದರು. ಆಮೇಲೆ ತಾನಾಗಿ ಇಳಿಯುವ ಮೆಟ್ಟಿಲು. ಅದು ನಿಲ್ಲಲೆಂದು ಪಾಪ, ಕಾದೇ ಕಾದಳು. ಅದೇನು ಎತ್ತಿನ ಗಾಡಿಯೇ, ಹೋ ಎಂದರೆ ನಿಲ್ಲಲು? ಕೊನೆಗೆ ಮಗಳನ್ನು ನೆನೆದು ಕಣ್ಣುಮುಚ್ಚಿ ಕಾಲಿಟ್ಟಳು.

ಮೂರನೆಯದು ಹಾವಿನ ಬಾಯಿ. ಅದು ತೆರೆದಿರುವುದು ಹತ್ತು ಎಣಿಸುವಷ್ಟು ಹೊತ್ತು ಮಾತ್ರ. ಜನ ನುಗ್ಗಿದರು. ಪುಟ್ಟನಂಜಿ ಮಾತ್ರ ನಿಂತು ಮೆಟ್ಟು ಬಿಚ್ಚಿ, ಜೋಡಿಸಿಟ್ಟು, ಆಮೇಲೆ ಒಳಗೆ ಬಂದಳು. ಬಾಯಿ ಮುಚ್ಚಿತು. ಮೆಟ್ಟು ಆಚೆಯೇ ಉಳಿಯಿತು. ಒಳಗಿದ್ದವರೆಲ್ಲ ನಕ್ಕರು.

ಹಾವು ನಗಲಿಲ್ಲ. ಯಾಕವ್ವ ಮೆಟ್ಟು ಬಿಚ್ಚಿದೆ ಎಂದು ಕೇಳಿತು.

"ಮೂವತ್ತು ವರ್ಷದಿಂದ ಹೆರಿಗೆ ಮಾಡಿಸ್ತಿದ್ದೀನಿ ತಾಯಿ. ಹೊಟ್ಟೆಯೊಳಗಿನ ಕೂಸು ಯಾವುದೂ ಮೆಟ್ಟು ಹಾಕ್ಕೊಂಡಿರಲ್ಲ," ಎಂದಳು ಪುಟ್ಟನಂಜಿ.

ಹಾವು ಅತ್ತುಬಿಟ್ಟಿತು. ತನ್ನದೂ ಒಂದು ಹೊಟ್ಟೆಯೆಂದು ಯಾರಾದರೂ ನೆನೆದ ದಿನ ಮಾಯೆ ಕಳಚಬೇಕೆಂದಿತ್ತು. ಕಳಚಿತು. ಚಾವಟಿ ಒಣಬಳ್ಳಿಯಾಯಿತು. ಓಡಲು ಹೋದ ಕರಿಜಟ್ಟ ತನ್ನದೇ ಕಲ್ಲಿನ ಬಾಗಿಲಲ್ಲಿ ಸಿಕ್ಕಿಬಿದ್ದ, ಅವನ ಬಳಿ ಬಿಲ್ಲೆ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಬಿಡುಗಡೆಯಾದ ಹಾವು ಎತ್ತ ಬೇಕಾದರೂ ಹೋಗಬಹುದಿತ್ತು. ಅದು ಪುಟ್ಟನಂಜಿಯಿಂದ ಮಗಳ ಸಂಗತಿ ತಿಳಿದು, ಎಲ್ಲೂ ನಿಲ್ಲದೆ ಓಡಿ, ಚಿಕ್ಕತಾಯಿಯ ಬೀದಿಯಲ್ಲೇ ಬಾಯಿ ತೆರೆಯಿತು. ಇಳಿಯುವ ಜಾಗ ತಪ್ಪಿದವರೂ ಸರಿದು ಅವಳಿಗೆ ದಾರಿ ಬಿಟ್ಟರು. ಹೊತ್ತು ಮುಳುಗುವ ಮುನ್ನ ಹೆಣ್ಣುಕೂಸೊಂದು ಹುಟ್ಟಿ ಗಟ್ಟಿಯಾಗಿ ಅತ್ತಿತು. ತಾಯಿಯೂ ಉಳಿದಳು.

ಸುದ್ದಿ ತಿಳಿದ ರಾಜ ಪುಟ್ಟನಂಜಿಯನ್ನು ಕರೆಸಿ, ಏನು ಬೇಕೆಂದು ಕೇಳಿದ.

"ನಮ್ಮೂರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಲ್ಲ ಬುದ್ಧಿ. ಈ ತಾಯಿಗೂ ಅಷ್ಟು ಸಿಗಲಿ."

ಅಂದಿನಿಂದ ಹಾವು ಸೋಮವಾರ ಸುಖವಾಗಿ ಮಲಗಿತು, ಮಿಕ್ಕ ದಿನ ತನ್ನಿಷ್ಟದಿಂದ ಜನರನ್ನು ಹೊತ್ತಿತು. ಪುಟ್ಟನಂಜಿ ಊರಿಗೆ ಹೊರಟಾಗ ಅವಳ ಮೆಟ್ಟು ಇಟ್ಟಲ್ಲೇ ಇತ್ತು, ಪಕ್ಕದಲ್ಲಿ ಇನ್ನೂ ನೂರು ಜೋಡಿ. ಮೆಟ್ಟು ಅದಲುಬದಲಾಗುವ ಜಗಳವೊಂದನ್ನು ಬಿಟ್ಟರೆ, ಆ ನಗರದಲ್ಲಿ ಎಲ್ಲರೂ ನೆಮ್ಮದಿಯಾಗಿ ಬಾಳಿದರು.