ಮೊಸಳೆ ಹಾಕಿದ ಗೆರೆ

ಒಂದೇ ರಾತ್ರಿಯಲ್ಲಿ ಹೊಳೆ ಆಳೆತ್ತರ ಏರಿತ್ತು.

ಗೋವಿನಕೋವಿಯಲ್ಲಿ ಹನಿ ಮಳೆ ಬಿದ್ದಿರಲಿಲ್ಲ. ಮೇಲೆ ಮಲೆನಾಡಿನಲ್ಲಿ ಸುರಿದದ್ದೆಲ್ಲ ಕೆಮ್ಮಣ್ಣು ಕಲಸಿಕೊಂಡು ತುಂಗಭದ್ರೆಯಲ್ಲಿ ಇಳಿದು ಬರುತ್ತಿತ್ತು. ಸಾವಿರದ ಒಂಬೈನೂರ ಎಂಬತ್ತನಾಲ್ಕರ ಜೂನ್ ಮೊದಲ ವಾರ. ಇಷ್ಟು ಬೇಗ ಹೊಳೆ ಬಂದದ್ದನ್ನು ಊರಿನ ಮುದುಕರೂ ಕಂಡಿರಲಿಲ್ಲ. ದಡದಲ್ಲಿ ನಿಂತ ಓಬವ್ವನ ಕಣ್ಣೆದುರೇ, ಹೊಳೆಯ ನಡುವಿನ ಮತ್ತಿಗಡ್ಡೆ ಸಣ್ಣದಾಗುತ್ತಿತ್ತು.

ಆ ಗಡ್ಡೆಯ ಮೇಲೆ ಮೂರು ಜನ ಸಿಕ್ಕಿಬಿದ್ದಿದ್ದರು. ಬೆಂಗಳೂರಿನ ಡಾಕ್ಟರ್ ಷಣ್ಮುಖಪ್ಪ, ಅವರ ಹೆಂಡತಿ ನಿರ್ಮಲಮ್ಮ, ಅವರಿಗೆ ಅಡುಗೆ ಮಾಡಿ ಬಡಿಸುವ ಅಂಜಮ್ಮ. ಅಂಜಮ್ಮ ಓಬವ್ವನ ಒಬ್ಬಳೇ ಮಗಳು.

"ಹೊನ್ನಾಳಿಗೆ ಫೋನ್ ಮಾಡಿಸಿದೀನಿ. ಬೋಟು ಬರ್ತೈತಂತೆ, ಸಂಜೆವರೆಗೂ ಕಾಯಣ," ಎಂದ ಓಂಕಾರಪ್ಪ. ಸಂತೇಬೆನ್ನೂರಿನ ಹುಡುಗ, ಬಿ.ಎಸ್ಸಿ. ಓದಿದವ, ಗಡ್ಡೆಯ ಕ್ಯಾಂಪಿಗೆ ಮ್ಯಾನೇಜರು. ಬೆಳಗ್ಗೆ ಹಾಲು, ಮಂಜುಗಡ್ಡೆ ಒಯ್ಯಲು ಮೋಟರ್ ಬೋಟಿನಲ್ಲಿ ಈ ದಡಕ್ಕೆ ಬಂದಿದ್ದ. ಅವನು ಚಾ ಕುಡಿದು ಬರುವಷ್ಟರಲ್ಲಿ ತೇಲಿಬಂದ ದಿಮ್ಮಿಯೊಂದು ಬೋಟನ್ನು ಹಗ್ಗದ ಸಮೇತ ಕಿತ್ತುಕೊಂಡು ಹೋಗಿತ್ತು.

"ನೀವು ಕಾಯ್ರಿ. ಹೊಳೆ ಕಾಯ್ತೈತೇನ್ರಿ?" ಎಂದಳು ಓಬವ್ವ.

ಅವಳ ಹರಿಗೋಲು ಅಲ್ಲೇ ದಡದ ಮೇಲೆ ಬೋರಲು ಬಿದ್ದಿತ್ತು, ಬೇವಿನ ಮರಕ್ಕೆ ಸರಪಳಿ ಕಟ್ಟಿ ಬೀಗ ಜಡಿಸಿಕೊಂಡು. ಆರು ತಿಂಗಳಿಂದ ಅದಕ್ಕೆ ಆ ಗತಿ. ಯಾಕೆ ಅಂತ ಕೇಳಿ.

ಬೆಂಗಳೂರಿನ ಕಂಪನಿಯೊಂದು ಚಳಿಗಾಲದಲ್ಲಿ ಗಡ್ಡೆಗೆ ಬಂದು ದೊಡ್ಡವರಿಗೆಂದು ಬಿಡಾರ ಹೂಡಿತ್ತು. ಒಂದು ಮರ ಕಡಿಯುವಂತಿಲ್ಲ, ಒಂದು ಮೊಳೆ ಹೊಡೆಯುವಂತಿಲ್ಲ, ಕರೆಂಟಿಲ್ಲ, ಪ್ಲಾಸ್ಟಿಕ್ಕಿಲ್ಲ. ಆದರೆ ಡೇರೆಯೊಳಗೆ ಸ್ಪ್ರಿಂಗ್ ಮಂಚ, ಬಿಸಿಲಿನಲ್ಲೇ ಕಾಯುವ ಸ್ನಾನದ ನೀರು, ಮಣ್ಣಿನ ಬಟ್ಟಲಲ್ಲಿ ಸೂಪು, ಹೊಳೆಮತ್ತಿ ಮರದಡಿ ಆರಾಮಕುರ್ಚಿ. ಕೂತಲ್ಲೇ ನೀರುನಾಯಿ ನೋಡಬಹುದು, ಮೊಸಳೆ ನೋಡಬಹುದು. ಪ್ರಕೃತಿಗೆ ಒಂದು ಗೀರೂ ಬೀಳದ ಹಾಗೆ ಸುಖಪಡಿ ಅಂತ ಅವರ ಬಣ್ಣದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಎಲ್ಲ ಸರಿ. ಆದರೆ ಎಮ್ಮೆ ಚರ್ಮದ ಹರಿಗೋಲು ವಾಸನೆ ಬರುತ್ತದೆ, ಅತಿಥಿಗಳ ಕಣ್ಣಿಗೆ ಬೀಳಬಾರದು ಅಂದರು. ನಲವತ್ತು ವರ್ಷ ಮಾವ, ಆಮೇಲೆ ಗಂಡ, ಆಮೇಲೆ ತಾನು ಹುಟ್ಟು ಹಾಕಿ ಜನರನ್ನು ದಾಟಿಸಿದ ಕಡವು ಅದು. ಓಬವ್ವ ಒಪ್ಪದೆ ನಾಲ್ಕು ಸಲ ಇಳಿಸಿದಳು. ಐದನೆಯ ಸಲ ಬೀಗ ಬಿತ್ತು.

ಅಂಜಮ್ಮ ಮೇ ತಿಂಗಳಲ್ಲಿ ಅದೇ ಕ್ಯಾಂಪಿಗೆ ಅಡುಗೆಗೆ ಸೇರಿದಾಗ ತಾಯಿ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಬಿಟ್ಟ ಮಾತು ಆಡಿದ್ದು ಒಂದೇ ಬುದ್ಧಿವಾದಕ್ಕೆ.

"ಹೊಳೆ ಬಂದ್ರೆ ಡೇರೆ ಗೀರೆ ನಂಬಬ್ಯಾಡ. ತಾಯಿ ಮೊಸಳೆ ಎಲ್ಲಿ ಕಾವಲು ಕುಂತೈತೋ ಅಲ್ಲಿಗೆ ಓಡು. ಮೊಟ್ಟೆ ಇಟ್ಟ ಜಾಗಕ್ಕೆ ನೀರು ಬರಲ್ಲ. ನಿಮ್ಮ ತಾತ ನಲವತ್ತು ವರ್ಷ ಅದನ್ನೇ ನೋಡಿ ಹೊಳೆ ದಾಟ್ದ."

"ಗೊತ್ತವ್ವಾ. ದಿನಾ ನೋಡ್ತೀನಿ, ಅಲ್ಲೇ ಕುಂತಿರ್ತೈತೆ," ಎಂದಿದ್ದಳು ಮಗಳು.

ಈಗ ಓಬವ್ವ ದಡದಿಂದ ಒಂದು ಗುಂಡುಕಲ್ಲು ಎತ್ತಿಕೊಂಡು ಬೀಗದ ಮೇಲೆ ಹಾಕಿದಳು. ಒಂದು ಏಟು. ಎರಡು ಏಟು.

"ಓಬವ್ವಾ, ಕಂಪನಿ ಆರ್ಡರ್ ಐತೆ! ನನ್ನ ಕೆಲ್ಸ ಹೋಗ್ತೈತೆ!"

"ನಿನ್ನ ಕೆಲ್ಸ ಹೋದ್ರೆ ಇನ್ನೊಂದು ಸಿಗ್ತೈತಪ್ಪ. ನನಗೆ ಇನ್ನೊಬ್ಬಳು ಮಗಳು ಸಿಗ್ತಾಳಾ?"

ಮೂರನೆಯ ಏಟಿಗೆ ಬೀಗ ಬಾಯಿ ಬಿಟ್ಟಿತು. ಅಷ್ಟರಲ್ಲಿ ಅವಳ ಭಾವ ಬೈಲಪ್ಪ ಬಿದಿರಿನ ಗಳ, ಹುಟ್ಟು ಹೊತ್ತು ಬಂದ. ಅರವತ್ತು ದಾಟಿದ ಮೀನುಗಾರ, ಮಾತು ಕಡಿಮೆ, ತಲೆಗೆ ದೊಡ್ಡ ರುಮಾಲು. ಇಬ್ಬರೂ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು, ಗಡ್ಡೆಯ ಕಡೆಗಲ್ಲ, ಹೊಳೆಯ ಮೇಲ್ಮುಖಕ್ಕೆ ಹೊರಟರು.

"ಗಡ್ಡೆ ಇಲ್ಲೇ ಎದುರಿಗೈತೆ, ಅತ್ಲಾಗೆ ಎಲ್ಲಿಗೆ?" ಓಂಕಾರಪ್ಪ ಹಿಂದೆ ಓಡಿಬಂದ.

"ಎದುರಿಗೆ ಬಿಟ್ರೆ ಹರಿಹರದಾಗೆ ಹತ್ತತೀವಿ. ಒಂದು ಮೈಲಿ ಮ್ಯಾಲಿಂದ ಬಿಟ್ರೆ ಹೊಳೆನೇ ತಗಂಡು ಹೋಗಿ ಗಡ್ಡೆಗೆ ಒಗಿತೈತೆ," ಎಂದ ಬೈಲಪ್ಪ.

ಓಂಕಾರಪ್ಪ ಬೂಟು ಬಿಚ್ಚಿ ಒಗೆದ. "ನಾನೂ ಬರ್ತೀನಿ. ಡೇರೆಗಳ ಜಾಗ ನನಗೆ ಗೊತ್ತೈತೆ," ಎಂದ.

ಹರಿಗೋಲು ನೀರಿಗೆ ಬಿತ್ತು. ಬಿದ್ದ ಕ್ಷಣವೇ ಬುಗುರಿ ಹಾಗೆ ತಿರುಗಿತು. ಓಂಕಾರಪ್ಪ ಅಂಚು ಹಿಡಿದು ಕುಕ್ಕರಿಸಿದ. ಓಬವ್ವ ಮಂಡಿಯೂರಿ ಕೂತು ಹುಟ್ಟನ್ನು ಮುಂದಕ್ಕೆ ಚುಚ್ಚಿ ತನ್ನ ಕಡೆ ಎಳೆದಳು. ಚುಚ್ಚಿದಳು, ಎಳೆದಳು. ತಿರುಗುವುದು ನಿಂತು ಹರಿಗೋಲು ಓರೆಯಾಗಿ ನಡುಹೊಳೆಗೆ ನುಗ್ಗಿತು.

ನಡುಹೊಳೆಯಲ್ಲಿ ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳುವಂತಿರಲಿಲ್ಲ. ಬೇರು ಸಮೇತ ಬಂದ ಮರಗಳು, ಹುಲ್ಲಿನ ಬಣವೆಯ ಚೂರು, ಯಾರದೋ ಮನೆಯ ಬಾಗಿಲು, ಅದರ ಮೇಲೆ ಗಂಭೀರವಾಗಿ ಕೂತ ಒಂದು ಕೋಳಿ. ಕೆಂಪಿರುವೆಗಳು ಮರಿಗಳನ್ನು ಒಳಗಿಟ್ಟುಕೊಂಡು ಉಂಡೆ ಕಟ್ಟಿ ತೇಲುತ್ತಿದ್ದವು. ನೀರುನಾಯಿ ಕುಟುಂಬವೊಂದು ಪ್ರವಾಹಕ್ಕೆ ಅಡ್ಡವಾಗಿ ಈಜುತ್ತ ಹರಿಗೋಲಿನ ಪಕ್ಕದಲ್ಲೇ ತಲೆಯೆತ್ತಿ, ಇವರು ಯಾರಪ್ಪ ಎಂಬಂತೆ ನೋಡಿ ಮುಳುಗಿತು. ಎರಡೂ ದಡ ದೂರ ಸರಿದು, ಗಡ್ಡೆಯ ಹೊಳೆಮತ್ತಿ ಮರಗಳು ಬಿಳಿ ಕಾಂಡ ತೋರಿಸುತ್ತ ಸರಸರನೆ ಹತ್ತಿರ ಬಂದವು.

"ಗಳ ಹಾಕು, ಭಾವ!"

ಬೈಲಪ್ಪ ಬಿದಿರನ್ನು ಮರದ ಕವಲಿಗೆ ಸಿಕ್ಕಿಸಿದ. ಹರಿಗೋಲು ಗಿರ್ರನೆ ತಿರುಗಿ ಗಡ್ಡೆಯ ತಲೆಯ ಕಡೆ ಇದ್ದ ಎತ್ತರದ ದಿಬ್ಬಕ್ಕೆ ಬಡಿದು ನಿಂತಿತು.

ದಿಬ್ಬ ಒಣಗಿತ್ತು. ಪ್ರತಿ ವರ್ಷ ಮೊಸಳೆ ಮೊಟ್ಟೆ ಇಡುತ್ತಿದ್ದ ಜಾಗ. ಓಬವ್ವ ನಗುತ್ತಲೇ ಹಾರಿ ಇಳಿದಳು.

"ಅಂಜೀ! ಏ ಅಂಜೀ!"

ಯಾರೂ ಇಲ್ಲ. ಮೊಸಳೆಯೂ ಇಲ್ಲ. ಒಂದು ಹಳೆಯ ಗುಂಡಿ ಮಾತ್ರ ಇತ್ತು, ಮೊಸಳೆ ಕೆದರಿದ್ದಲ್ಲ, ಸನಿಕೆಯಲ್ಲಿ ನೀಟಾಗಿ ಅಗೆದದ್ದು. ಓಬವ್ವ ಅದನ್ನು ನೋಡಿದಳು, ಆಮೇಲೆ ಓಂಕಾರಪ್ಪನನ್ನು ನೋಡಿದಳು.

ಅವನು ಆ ಗುಂಡಿಯನ್ನೇ ನೋಡುತ್ತ ಬಾಯಿಬಿಟ್ಟ. "ಮಾರ್ಚಿನಲ್ಲಿ... ಈ ದಿಬ್ಬದ ಮೇಲೆ ಊಟದ ಡೇರೆ ಹಾಕಬೇಕು ಅಂದ್ರು. ಡೇರೆ ಇನ್ನೂ ಬಂದಿಲ್ಲ, ಆದ್ರೆ ಮೊಟ್ಟೆ ಆಗ್ಲೇ ಎತ್ತಿ ಗಡ್ಡೆಯ ಬಾಲದ ಕಡೆ ಹೂತಿಟ್ವಿ. ಒಂದೂ ಒಡೀಲಿಲ್ಲ, ದೇವರಾಣೆ. ತಾಯಿನೂ ಹುಡುಕ್ಕಂಡು ಬಂದು ಅಲ್ಲೇ ಕುಂತ್ಕಂತು."

ಗಡ್ಡೆಯ ಬಾಲ ಎಂದರೆ ಬರೀ ಮರಳು. ಗಡ್ಡೆಯಲ್ಲಿ ಮೊದಲು ಮುಳುಗುವ ಜಾಗ.

ಓಬವ್ವ ಆ ಗುಂಡಿಯ ಪಕ್ಕದಲ್ಲೇ ಕೂತುಬಿಟ್ಟಳು. ಮಗಳು ತಾಯಿಯ ಮಾತು ಮೀರಿದ್ದರೆ ಬದುಕುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಮಾತೂ ಕೇಳದ ಹುಡುಗಿ, ಈ ಒಂದು ಮಾತನ್ನು ಕೇಳಿ ಇನ್ನಿಬ್ಬರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿರುತ್ತಾಳೆ.

"ನಾನೇ ಕಳಿಸ್ದೆ, ಭಾವ. ನನ್ನ ಬಾಯಿಂದಾನೇ ಕಳಿಸ್ದೆ."

"ಅಳಾಕೆ ಆಮ್ಯಾಲೆ ಟೈಮ್ ಐತೆ. ಏಳು," ಎಂದ ಬೈಲಪ್ಪ.

ಅವಳು ಎದ್ದಳು. ದುಃಖ ಹೋಗಿ ಕೋಪ ಬಂದಿತ್ತು. "ಹೊಳೆಗೆ ಕೊಡಾಕೆ ಹೆತ್ತಿಲ್ಲ ನಾನು. ನಡೀರಿ," ಎಂದಳು.

ಗಡ್ಡೆಯ ನಡು ಆಗಲೇ ಮುಳುಗಿತ್ತು. ಡೇರೆಗಳು ಮಡಿಚಿಬಿದ್ದು ಸ್ಪ್ರಿಂಗ್ ಮಂಚವೊಂದು ಕಾಲು ಮೇಲೆ ಮಾಡಿ ಮರಕ್ಕೆ ಸಿಕ್ಕಿಕೊಂಡಿತ್ತು. ಮೂವರೂ ಕೊಂಬೆಯಿಂದ ಕೊಂಬೆಗೆ ಕೈ ಬದಲಿಸುತ್ತ ಹರಿಗೋಲನ್ನು ಮರಗಳ ನಡುವೆ ಕೆಳಕ್ಕೆ ಇಳಿಸಿದರು. ಪ್ರತಿ ಕೊಂಬೆಯಲ್ಲೂ ಯಾರೋ ಒಬ್ಬರು ಮೊದಲೇ ಹತ್ತಿ ಕೂತಿದ್ದರು. ಒಂದರಲ್ಲಿ ಮುಂಗುಸಿ, ಒಂದರಲ್ಲಿ ಸುರುಳಿ ಸುತ್ತಿದ ಕೇರೆಹಾವು, ತುದಿಯಲ್ಲಿ ನೆಂದ ನವಿಲು.

"ಆ ಕೊಂಬೆ ಬ್ಯಾಡ!"

ಓಂಕಾರಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಮಂಡಲದ ಹಾವೊಂದು ಅಲ್ಲಿ ತಲೆಯೆತ್ತಿತ್ತು.

ಆಗ ಕೂಗು ಕೇಳಿತು.

ಬಾಲದ ತುದಿಯಲ್ಲಿ ಒಂಟಿ ಹೊಳೆಮತ್ತಿ ಮರ. ಅದರ ಕವಲಿನಲ್ಲಿ ಡಾಕ್ಟರು, ಕುತ್ತಿಗೆಯಲ್ಲಿ ದುರ್ಬೀನು. ಪಕ್ಕದಲ್ಲಿ ಸೆರಗು ಬಿಗಿದ ನಿರ್ಮಲಮ್ಮ. ಇನ್ನೂ ಕೆಳಗಿನ ಕೊಂಬೆಯಲ್ಲಿ ಅಂಜಮ್ಮ, ಎದೆಗವುಚಿದ ಬುಟ್ಟಿಯೊಂದಿಗೆ. ನೀರು ಅವಳ ಪಾದ ಮುಟ್ಟುತ್ತಿತ್ತು.

"ಅವ್ವಾ! ನೀನು ಹೇಳಿದ್ ಜಾಗಕ್ಕೇ ಬಂದ್ನಲ್ಲವ್ವಾ, ಅದೇ ಮುಳುಗ್ತು!"

ಆ ಮಾತು ಓಬವ್ವನಿಗೆ ಎದೆಗೇ ಹೊಡೆಯಿತು. "ತಪ್ಪು ನಿಂದಲ್ಲ ಕಣವ್ವ! ಕೈ ಬಿಡಬ್ಯಾಡ!"

"ಹತ್ರ ಬರಬ್ಯಾಡ! ಕೆಳಗೈತೆ!"

ಧಡ್!

ಹರಿಗೋಲು ಒಂದು ಗೇಣು ಮೇಲಕ್ಕೆದ್ದು ಬಿತ್ತು. ಕೆಸರುನೀರಿನಲ್ಲಿ ಗರಗಸದಂಥ ಬಾಲ ಕಾಣಿಸಿ ಮರೆಯಾಯಿತು. ತಾಯಿ ಮೊಸಳೆ ಮರದ ಬುಡ ಸುತ್ತುತ್ತಿತ್ತು.

"ಬುಟ್ಟಿಯಾಗೆ ಏನೈತೆ?" ಓಬವ್ವ ಕೂಗಿದಳು.

"ಮರಿ! ನೀರು ಬಂದಾಗ ಗೂಡಿನಾಗೆ ಕೀಚ್ ಕೀಚ್ ಅಂತಿದ್ವು. ಸಾಯ್ತಾವಲ್ಲ ಅಂತ ಅಗೆದು ತಗಂಡೆ."

ಅಯ್ಯೋ ನನ್ನ ಕಂದ, ಬುಟ್ಟಿ ತುಂಬ ಮೊಸಳೆಮರಿ ಹೊತ್ತು ಮರ ಹತ್ತಿದವಳೇ! ಓಬವ್ವನಿಗೆ ಆ ಹೊತ್ತಿನಲ್ಲೂ ಹೆಮ್ಮೆ ಉಕ್ಕಿತು. ಕೆಳಗಿದ್ದ ತಾಯಿ ಯಾಕೆ ಸುತ್ತುತ್ತಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಾನೂ ಅದಕ್ಕೇ ಬಂದವಳು.

"ಬುಟ್ಟಿ ಇತ್ತ ಕೊಡು." ಬೈಲಪ್ಪ ಗಳ ಚಾಚಿದ. ಅಂಜಮ್ಮ ಬುಟ್ಟಿಯ ಹಿಡಿಯನ್ನು ಗಳದ ತುದಿಗೆ ಸಿಕ್ಕಿಸಿದಳು. ಬುಟ್ಟಿ ಹರಿಗೋಲಿಗೆ ಬಂತು. ಓಬವ್ವ ಅದನ್ನು ಓಂಕಾರಪ್ಪನ ತೊಡೆಯ ಮೇಲಿಟ್ಟಳು.

"ನೀವೇ ಎತ್ತಿದ್ದು. ನೀವೇ ಇಳಸ್ರಿ."

ಓಂಕಾರಪ್ಪ ಬಗ್ಗಿದ. ಮುಳುಗಿದ ಪೊದೆಗಳ ಮರೆಯಲ್ಲಿ ನೀರು ಸ್ವಲ್ಪ ನಿಂತಂತಿತ್ತು. ಅವನು ಬುಟ್ಟಿಯನ್ನು ನೀರಿನ ಮಟ್ಟಕ್ಕೆ ಹಿಡಿದು ಮೆಲ್ಲಗೆ ಓರೆ ಮಾಡಿದ. ಒಂದೊಂದೇ ಮರಿ ಜಾರಿತು. ಅವನ ಕೈಯಿಂದ ಮೊಳದೂರದಲ್ಲಿ ತಾಯಿಯ ಮೂತಿ ಎದ್ದಿತು. ಅವನು ಕಣ್ಣು ಮುಚ್ಚಿದ, ಕೈ ಮಾತ್ರ ಎಳೆದುಕೊಳ್ಳಲಿಲ್ಲ.

ಮರಿಗಳು ಕಿರುಚುತ್ತ ತಾಯಿಯ ತಲೆ ಮೇಲೆ, ಬೆನ್ನ ಮೇಲೆ ಹತ್ತಿದವು. ಮೊಸಳೆ ಯಾರನ್ನೂ ತಿರುಗಿ ನೋಡದೆ ಪೊದೆಗಳ ಒಳಗೆ ಸರಿದುಹೋಯಿತು.

"ಈಗ ಇಳೀರಿ! ಮೊದ್ಲು ಅಮ್ಮಾರು!"

ನಿರ್ಮಲಮ್ಮ ಇಳಿದರು, ಡಾಕ್ಟರು ಇಳಿದರು, ಕೊನೆಗೆ ಅಂಜಮ್ಮ ತಾಯಿಯ ಮೇಲೇ ಬಿದ್ದಳು. ಅಪ್ಪಿಕೊಳ್ಳಲು ಪುರುಸೊತ್ತಿರಲಿಲ್ಲ. ಓಬವ್ವ ಮಗಳ ಬೆನ್ನಿಗೆ ಒಂದು ಗುದ್ದು ಗುದ್ದಿ ಹುಟ್ಟು ಹಿಡಿದಳು.

ಆರು ಜನರ ಭಾರಕ್ಕೆ ಹರಿಗೋಲಿನ ಅಂಚು ನೀರಿನಿಂದ ಒಂದು ಗೇಣಷ್ಟೇ ಮೇಲಿತ್ತು. ನೂರು ಮಾರು ಹೋಗಿರಲಿಲ್ಲ, ತೇಲುವ ದಿಮ್ಮಿಯೊಂದು ಬಗಲಿಗೆ ಗುದ್ದಿತು. ಚರ್ಮ ಪರ್ರನೆ ಹರಿದು ನೀರು ಚಿಮ್ಮಿತು. ಬೈಲಪ್ಪ ತಲೆಯ ರುಮಾಲು ಬಿಚ್ಚಿ ತೂತಿಗೆ ತುರುಕಿ ಅದರ ಮೇಲೆ ತಾನೇ ಕೂತ.

"ನೀರು ಎತ್ತಿ ಹಾಕ್ರಿ!"

"ಯಾತರಾಗೆ?"

ನಿರ್ಮಲಮ್ಮ ಓಂಕಾರಪ್ಪನ ತಲೆಯಿಂದ ಕಂಪನಿಯ ಚಿನ್ನದ ಬಣ್ಣದ ಹೆಸರಿದ್ದ ಟೋಪಿ ಕಿತ್ತುಕೊಂಡು ಮೊಗೆಯತೊಡಗಿದರು. ಡಾಕ್ಟರು ಬೊಗಸೆಯಲ್ಲೇ ಮೊಗೆದರು. ಓಬವ್ವ ಹೊಳೆಯ ಜೊತೆ ಜಗಳ ಆಡಲಿಲ್ಲ, ಅದು ಹೋದ ಕಡೆಗೇ ಹೋಗುತ್ತ, ಹುಟ್ಟಿಗೊಮ್ಮೆ ಒಂದೊಂದು ಮಾರು ದಡ ಕದ್ದಳು. ಎರಡು ಮೈಲಿ ಕೆಳಗೆ, ಒಂದು ಕಬ್ಬಿನ ಗದ್ದೆಯ ಅಂಚಿಗೆ ಹರಿಗೋಲು ತಾಗಿದಾಗ ಅದರೊಳಗೆ ಅರ್ಧ ನೀರಿತ್ತು.

ಆಗ ಅವಳು ಮಗಳನ್ನು ಅಪ್ಪಿಕೊಂಡು ಜೋರಾಗಿ ಅತ್ತಳು.

ಅವರು ನಡೆದು ಗೋವಿನಕೋವಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ದಡದಲ್ಲಿ ಜನ, ಒಂದು ಜೀಪು, ಒಂದು ಬಿಳಿ ಕಾರು. ಶಿವಮೊಗ್ಗೆಗೆ ಬಂದಿದ್ದ ಕಂಪನಿಯ ಯಜಮಾನರು ಸುದ್ದಿ ತಿಳಿದು ಓಡಿ ಬಂದಿದ್ದರು. ಅತಿಥಿಗಳ ಕೈ ಕುಲುಕಿ, ಒಡೆದ ಬೀಗ ನೋಡಿ, ಮುಖ ಗಂಟಿಕ್ಕಿ ಕೇಳಿದರು: "ಹರಿಗೋಲು ಇಳಿಸೋಕೆ ಯಾರು ಪರ್ಮಿಷನ್ ಕೊಟ್ಟಿದ್ದು?"

"ನಾನೇ ಕಳಿಸಿದ್ದು ಸರ್," ಎಂದ ಓಂಕಾರಪ್ಪ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಸುಳ್ಳು ಹೇಳಬ್ಯಾಡ್ರಿ," ಓಬವ್ವ ಮುಂದೆ ಬಂದಳು. "ಯಾರೂ ಕಳಿಸ್ಲಿಲ್ಲ. ನೀವು ಬೀಗ ಹಾಕಿದ್ರಿ, ನಾನು ಒಡ್ದೆ. ಹೊಳೆ ಬಂದ್ರೆ ನಾಳೆನೂ ಒಡಿತೀನಿ. ಆ ದಿಬ್ಬ ಮೊಸಳೇದು, ಅಲ್ಲಿ ನಿಮ್ಮ ಊಟದ ಡೇರೆ ಬೀಳಕೂಡ್ದು. ಬಿದ್ರೆ ಅದನ್ನೂ ಕೀಳ್ತೀನಿ."

ಯಜಮಾನರು ಬಾಯಿ ತೆರೆದರು. ಅಷ್ಟರಲ್ಲಿ ಡಾಕ್ಟರು, ಮೈಯಿಂದ ನೀರು ಸೋರಿಸಿಕೊಳ್ಳುತ್ತಲೇ, "ಆಯಮ್ಮ ಹೇಳಿದ್ದನ್ನ ಬರಕೊಳ್ಳಿ, ಸ್ವಾಮಿ. ನಿಮ್ಮ ಬಣ್ಣದ ಪತ್ರಿಕೆಯಲ್ಲಿ ಅದೇ ಒಂದು ಬಿಟ್ಟುಹೋಗಿದೆ," ಎಂದರು. ಯಜಮಾನರು ಜೇಬಿನಿಂದ ಪೆನ್ನು ತೆಗೆದರು.

ಮುಂದಿನ ಮಾರ್ಚಿನಲ್ಲಿ ಓಂಕಾರಪ್ಪ ಓಬವ್ವನ ಮನೆಯ ಬಾಗಿಲಿಗೆ ಬಂದು ನಿಂತ. ಬೂಟು ಹೊರಗೇ ಬಿಟ್ಟಿದ್ದ.

"ಡೇರೆ ಹೂಡಬೇಕಾಗೈತ್ರವ್ವ. ಮೊಸಳೆ ಮೊಟ್ಟೆ ಇಟ್ಟೈತಾ ನೋಡಿ ಹೇಳ್ರಿ, ಆಮ್ಯಾಲೆ ಆ ಜಾಗ ಬಿಟ್ಟು ಶುರು ಮಾಡ್ತೀವಿ."

ಓಬವ್ವ ಮಗಳನ್ನು ಕೂಗಿದಳು. ಇಬ್ಬರೂ ಹರಿಗೋಲಿನಲ್ಲಿ ಹೋಗಿ, ದೂರದಿಂದಲೇ ನೋಡಿ, ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬಂದರು.

"ಇನ್ನೂ ಇಟ್ಟಿಲ್ಲ," ಎಂದಳು ಓಬವ್ವ. "ಕಾಯ್ರಿ."

ಕಂಪನಿ ಹನ್ನೊಂದು ದಿನ ಕಾಯಿತು.