ಕಾಶಿಗೆ ಹೊರಟ ಗಂಡು

ಬಾಗಿಲು ತೆಗೆದವಳು ಹರಿಪ್ರಿಯಾ. ಹೊರಗೆ ನಿಂತಿದ್ದವನು ಕೃಷ್ಣಪ್ರಸಾದ್.

ಮಂಡ್ಯವೇನು ಅಂಥ ಮಹಾನಗರವೇ? ಏಳು ವರ್ಷ ಒಬ್ಬರ ಕಣ್ಣಿಗೊಬ್ಬರು ಬೀಳದೆ ಉಳಿದದ್ದೇ ಹೆಚ್ಚು. ಆದರೆ ಇವರಿಬ್ಬರನ್ನು ಎದುರುಬದುರು ನಿಲ್ಲಿಸಲು ಆ ಭಗವಂತನಿಗೆ ಇಡೀ ಊರಲ್ಲಿ ಈ ಕಟ್ಟಡವೇ ಸಿಗಬೇಕಿತ್ತೆ?

"ಮೇಲ್ಗಡೆ ಮನೆ ನೋಡ್ಬೇಕಂತೆ ಕಣಮ್ಮ. ಮಳವಳ್ಳಿಯಿಂದ ಬಂದವ್ರೆ," ಎಂದ ಕಾವಲಿನ ಅಂಕಯ್ಯ. "ತೋರ್ಸ್‌ಬುಡಿ, ನಾನು ಗೇಟ್ ತಾವ್ಕೆ ಓಯ್ತೀನಿ."

ಅಂಕಯ್ಯ ಮೆಟ್ಟಿಲಿಳಿದು ಹೋದ. ಇವರಿಬ್ಬರೂ ನಿಂತಲ್ಲೇ ನಿಂತರು.

'ಕಿಟ್ಟು...' ಎಂದಿತು ಹಾಳು ಮನಸ್ಸು. ಬಾಯಿ ಮಾತ್ರ ದಿನವೂ ಒಪ್ಪಿಸುವ ಪಾಠವನ್ನೇ ಒಪ್ಪಿಸಿತು.

"ಬನ್ನಿ ಸರ್. ಮೂರು ಬೆಡ್‌ರೂಮಿನ ಐಷಾರಾಮಿ ಫ್ಲ್ಯಾಟ್. ಕಟ್ಟಡಕ್ಕೆ ನೂರು ವರ್ಷದ ಇತಿಹಾಸ ಇದೆ. ಕಲ್ಲಿನ ಕಂಬ, ತೇಗದ ತೊಲೆ ಯಾವುದನ್ನೂ ತೆಗೆದಿಲ್ಲ."

"ಹರಿ..."

"ಚಪ್ಪಲಿ ಹೊರಗೆ ಬಿಡಿ ಸರ್. ನೆಲಕ್ಕೆ ಇಟಾಲಿಯನ್ ಮಾರ್ಬಲ್ ಹಾಕಿದ್ದಾರೆ."

ಇತಿಹಾಸವಂತೆ! ಇದು ಪೇಟೆ ಬೀದಿಯ ಹಿಂದಿನ ಹಳೇ ಮದುವೆ ಛತ್ರ. ಕೆಳಗೆ ಮಂಟಪ, ಊಟದ ಹಾಲ್, ಉಗ್ರಾಣ. ಮೇಲೆ ಹೆಣ್ಣಿನ ಕಡೆಯವರು ಇಳಿದುಕೊಳ್ಳುವ ಕೋಣೆಗಳು. ಟ್ರಸ್ಟಿನವರು ಮಾರಿದರು, ಬಿಲ್ಡರ್ ಕೊಂಡ, ಗೋಡೆ ಕಂಬಗಳನ್ನೆಲ್ಲ ಉಜ್ಜಿಸಿ 'ಅರಮನೆ ಹೆರಿಟೇಜ್' ಎಂದು ಹೆಸರಿಟ್ಟ. ಛತ್ರ ಎಂದರೆ ಯಾರು ಕೊಳ್ಳುತ್ತಾರೆ ಹೇಳಿ?

ಬಂದವರಿಗೆ ಮನೆ ತೋರಿಸುವುದು ಹರಿಪ್ರಿಯಾಳ ಕೆಲಸ. ಬಿಲ್ಡರ್ ಆಫೀಸಿನವರು ಈ ಕಟ್ಟಡಕ್ಕೆ ಹಾಕಿದಾಗ ಅವಳು ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಆ ಕಥೆ ಹೇಳುವುದಕ್ಕಿಂತ ಇಲ್ಲಿ ಬಂದು ಕೂರುವುದೇ ವಾಸಿ ಎನಿಸಿತ್ತು.

"ಅಡುಗೆಮನೆ ಆಗ್ನೇಯಕ್ಕಿದೆ ಸರ್. ನಿಮ್ಮ ಮನೆಯವರಿಗೆ ಇಷ್ಟ ಆಗುತ್ತೆ."

"ನನಗೆ ಮದುವೆ ಆಗಿಲ್ಲ."

ಆಗಿಲ್ಲವಂತೆ... ಅವಳ ಎದೆ ಧಸಕ್ಕೆಂದಿತು. ಥೂ, ಈ ಎದೆಗೆ ಮಾನ ಮರ್ಯಾದೆ ಒಂದೂ ಇಲ್ಲ.

"ಅಮ್ಮನಿಗೆ ಅಂತ ನೋಡ್ತಿದ್ದೀನಿ," ಎಂದ ಅವನು. "ಮಳವಳ್ಳಿಯಲ್ಲಿ ನನ್ನ ಔಷಧಿ ವ್ಯಾಪಾರ. ಅವರಿಗೆ ಮಾತ್ರ ಮಂಡ್ಯದಲ್ಲೇ ಇರಬೇಕಂತೆ. ಜಾಹೀರಾತಿನಲ್ಲಿ ಛತ್ರ ಅಂತ ಹಾಕಿರಲಿಲ್ಲ. ಗೇಟ್ ನೋಡಿದ ಮೇಲೆ ಗೊತ್ತಾಯ್ತು."

"ಗೊತ್ತಾದ ಮೇಲೂ ಒಳಗೆ ಬಂದ್ರಾ?"

"ಬಂದೆ."

"ಪರವಾಗಿಲ್ಲ. ಧೈರ್ಯ ಈಗ ಬಂದಿದೆ."

ಅವನು ಕಲ್ಲಿನ ಕಂಬವೊಂದನ್ನು ಸವರುತ್ತಾ ನಿಂತ. ಒಂದು ಕಾಲದಲ್ಲಿ ಇವನು ಮಾತಿನ ಮಲ್ಲ. ಮದುವೆ ಗೊತ್ತಾದ ಮೇಲೆ, ಅವಳು ಮದ್ದೂರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದು ಅವಳನ್ನು ನಗಿಸಿಯೇ ಬಸ್ ಹತ್ತಿಸುತ್ತಿದ್ದ. 'ನೀವು' ಬಿಡಿಸಿ 'ನೀನು' ಅನ್ನಿಸಿದವನೂ ಅವನೇ.

ಕೊನೆಗೆ ಬಾಲ್ಕನಿ ಉಳಿಯಿತು. ಮೊದಲು ಅಲ್ಲಿ ಮದುಮಗಳ ಕೋಣೆಯ ಕಿಟಕಿಯಿತ್ತು. ಬಗ್ಗಿ ನೋಡಿದರೆ ಗೇಟು, ಗೇಟಿನಾಚೆ ಬೀದಿ.

ಕಾಶೀಯಾತ್ರೆ ನಿಮಗೆ ಗೊತ್ತೇ ಇರುತ್ತದೆ. ಪಂಚೆ ಉಟ್ಟ ಗಂಡು ಕೊಡೆ, ಬೆತ್ತ ಹಿಡಿದು, 'ನನಗೆ ಸಂಸಾರ ಬೇಡ, ಕಾಶಿಗೆ ಹೋಗ್ತೀನಿ' ಎಂದು ಓಲಗದ ಸಮೇತ ಛತ್ರದಿಂದ ಹೊರಡುತ್ತಾನೆ. ಹೆಣ್ಣಿನ ತಂದೆ ತೆಂಗಿನಕಾಯಿ ಹಿಡಿದು ಹಿಂದೆಯೇ ಹೋಗಿ, 'ಬೇಡಪ್ಪ, ನನ್ನ ಮಗಳನ್ನ ಕೊಡ್ತೀನಿ, ಬಾ' ಎಂದು ಕೈಹಿಡಿದು ಕರೆತರುತ್ತಾನೆ. ಎಲ್ಲರೂ ನಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಬರೀ ತಮಾಷೆಯ ಶಾಸ್ತ್ರ. ಕರೆಯದೆ ಗಂಡು ತಾನಾಗಿ ತಿರುಗಿ ಬರುವ ಹಾಗಿಲ್ಲ, ಅಷ್ಟೇ.

ಆವತ್ತು ಈ ಗೇಟಿನಿಂದ ಕಾಶಿಗೆ ಹೊರಟ ಕಿಟ್ಟು ತಿರುಗಿ ಬರಲೇ ಇಲ್ಲ.

"ಒಂದು ಕೇಳ್ತೀನಿ," ಎಂದಳು ಹರಿಪ್ರಿಯಾ. 'ಸರ್' ಎಲ್ಲೋ ಬಿದ್ದುಹೋಗಿತ್ತು. "ಅಪ್ಪ ಕುಸಿದು ಬಿದ್ದರು ಅಂತ ತಿಳಿದ ಕೂಡಲೇ ಅಪಶಕುನ ಅಂತ ವ್ಯಾನ್ ಹತ್ತಿದೆಯಲ್ಲ ಕಿಟ್ಟು, ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಬಿದ್ದರಾ? ಯಾವಾಗ?"

"ನಾಟಕ ಬೇಡ."

"ಅಮ್ಮನಾಣೆ ಹರಿ. ನನಗೆ ಗೊತ್ತಿಲ್ಲ."

ಅವನ ಮುಖ ನೋಡಿದಳು. ಸುಳ್ಳು ಹೇಳುವಾಗ ಇವನ ಮುಖ ಹೀಗಿರುವುದಿಲ್ಲ...

ಹೇಳಿದಳು. ಅವನನ್ನು ಕರೆತರಲು ಹೊರಟ ಅವಳ ಅಪ್ಪ ವೆಂಕಟೇಶಮೂರ್ತಿಗಳು ತೆಂಗಿನಕಾಯಿಗೆಂದು ಉಗ್ರಾಣಕ್ಕೆ ಹೋಗಿ ಅಲ್ಲೇ ಕುಸಿದರು. ಲಕ್ವ ಹೊಡೆದಿತ್ತು. ಸೋದರತ್ತೆ ಉಗ್ರಾಣದ ಬಾಗಿಲು ಹಾಕಿಸಿ, 'ಬೀಗರ ಕಿವಿಗೆ ಬೀಳಬಾರದು, ಮೊದಲು ಕುತ್ತಿಗೆಗೆ ತಾಳಿ ಬೀಳಲಿ' ಎಂದಳು. ನೋಡಿ, ಮನುಷ್ಯ ನೆಲದ ಮೇಲೆ ಬಿದ್ದಿದ್ದಾನೆ, ಇವರಿಗೆ ಬೀಗರ ಚಿಂತೆ. ಹರಿಪ್ರಿಯಾ ಕೆಳಗೋಡಿ ಅಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಯಾರೋ ಬಂದು, 'ವಿಷಯ ತಿಳಿದು ಗಂಡಿನ ಕಡೆಯವರು ಹೊರಟುಹೋದರು' ಎಂದರು.

ಕಿಟ್ಟು ಬಾಲ್ಕನಿಯ ಕಂಬಿ ಹಿಡಿದುಕೊಂಡ.

"ನಮ್ಮ ಕಡೆಯವರೆಲ್ಲ ಬೀದಿಯಲ್ಲೇ ಇದ್ವಿ. ಯಾರೂ ಬಂದು ಏನೂ ಹೇಳಲಿಲ್ಲ. ಓಲಗದವರು ಊದಿ ಊದಿ ನಿಲ್ಲಿಸಿಬಿಟ್ಟರು. ಎದುರಂಗಡಿಯವನು, 'ಏನ್ ಸ್ವಾಮಿ, ಕಾಸಿ ಬಸ್ಸು ಇನ್ನೂ ಬರ್ನಿಲ್ವಾ' ಅಂತ ನಕ್ಕ. ನಮ್ಮ ಸೋದರಮಾವ, 'ಬೇಕು ಅಂತಲೇ ಅವಮಾನ ಮಾಡ್ತಿದ್ದಾರೆ, ನಡಿ' ಅಂದ. ನಾನು ಮೇಲೆ ನೋಡಿದೆ ಹರಿ. ನೀನು ಕಿಟಕಿಯಲ್ಲಿದ್ದೆ. ನಾನು ಕೈ ಎತ್ತಿದೆ. ನೀನು ಮುಖ ತಿರುಗಿಸಿಕೊಂಡು ಒಳಗೆ ಹೋದೆ."

"ಆಗಲೇ ನನ್ನನ್ನ ಕೂಗಿದ್ದು... ಅಪ್ಪ ಬಿದ್ದಿದ್ದಾರೆ ಬಾ ಅಂತ."

ಉಗ್ರಾಣದ ಗಡಿಬಿಡಿಯಲ್ಲಿ, ಬೀದಿಯಲ್ಲಿ ನಿಂತ ಗಂಡನ್ನು ಕರೆಯುವ ನೆನಪೇ ಯಾರಿಗೂ ಬಂದಿರಲಿಲ್ಲ. ಯಾರನ್ನು ಬೈಯುವುದು? ಬೈಯಲು ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಫೋನ್ ಮಾಡಬಹುದಿತ್ತು," ಎಂದಳು.

"ಮಾಡಿದೆ. ನಿಮ್ಮ ಅತ್ತೆ ಎತ್ತಿ, ಇನ್ನು ಈ ಕಡೆ ತಲೆ ಹಾಕಬೇಡ ಅಂದ್ರು."

"ಒಂದೇ ಸಲ ಮಾಡಿದ್ಯಾ?"

ಅವನು ತಲೆ ತಗ್ಗಿಸಿದ. "ಒಂದೇ ಸಲ."

"ನಾನು ಅದೂ ಮಾಡಲಿಲ್ಲ. ಬಿಟ್ಟು ಹೋದವನು ನೀನು, ನಾನ್ಯಾಕೆ ಮಾಡಲಿ ಅನ್ನೋ ಹಟ. ಗಂಡು ಎದ್ದುಹೋದ ಹುಡುಗಿ ಅಂತ ಬಂದ ಸಂಬಂಧಗಳೆಲ್ಲ ತಿರುಗಿ ಹೋದವು. ಒಂದೊಂದು ಹೋದಾಗಲೂ ನಿನಗೆ ಶಾಪ ಹಾಕಿದೆ."

"ಹಾಕು. ಇನ್ನೂ ಹಾಕು," ಎಂದ ಮೆಲ್ಲಗೆ. "ಅಪ್ಪ... ಈಗ ಹೇಗಿದ್ದಾರೆ?"

"ಹೋದರು. ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಮಾತು ನಿಂತೇ ಹೋಗಿತ್ತು. ಎಡಗೈ ಒಂದು ಆಡುತ್ತಿತ್ತು. ಯಾವಾಗಲೂ ಬಾಗಿಲ ಕಡೆ ನೋಡಿಕೊಂಡು ಹೀಗೆ... ಹೀಗೆ ಮಾಡೋರು."

ಕೈ ಆಡಿಸಿ ತೋರಿಸಿದಳು. ಬೆರಳುಗಳನ್ನು ತನ್ನ ಕಡೆಗೆ ಮಡಿಸುತ್ತಾ, ಬಾ ಬಾ ಎಂದು ಯಾರನ್ನೋ ಕರೆಯುವ ಹಾಗೆ.

ತೋರಿಸುತ್ತಿದ್ದ ಕೈ ಅರ್ಧಕ್ಕೇ ನಿಂತಿತು.

"ಕಿಟ್ಟು... ನಾವು ನೀರು ಬೇಕೇನೋ ಅಂದ್ಕೊಂಡಿದ್ವಿ. ಹಾಗೆ ಮಾಡಿದಾಗೆಲ್ಲ ನೀರು ಕುಡಿಸ್ತಿದ್ವಿ. ಅವರು ನಿನ್ನ ಕರೀತಿದ್ರು."

ಕೃಷ್ಣಪ್ರಸಾದ್ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಗಂಡಸು ಅಳಬಾರದು ಎಂದು ಯಾರು ಹೇಳಿದರೋ, ಅವನಂತೂ ಮಗುವಿನ ಹಾಗೆ ಅತ್ತ. ಹರಿಪ್ರಿಯಾ ಅವನ ಪಕ್ಕದಲ್ಲೇ ಗೋಡೆಗೊರಗಿ ಕುಳಿತಳು. ಅವಳ ಕಣ್ಣೀರಿಗೂ ಲೆಕ್ಕವಿರಲಿಲ್ಲ. ಅಪ್ಪ ಸತ್ತಾಗಲೂ ಅವಳು ಹೀಗೆ ಅತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡ.

"ಈ ಮನೆ ತಗೋತೀನಿ ಹರಿ. ನಾವಿಬ್ಬರೂ ಇಲ್ಲೇ ಇರೋಣ. ಎಲ್ಲಿ ನಿಂತಿತೋ ಅಲ್ಲಿಂದಲೇ ಶುರು ಮಾಡೋಣ."

"ಬೇಡ," ಎಂದಳು. "ಉಗ್ರಾಣ ಒಡೆದು ಕಾರ್ ನಿಲ್ಲಿಸೋ ಜಾಗ ಮಾಡಿದ್ದಾರೆ. ಅಪ್ಪ ಬಿದ್ದ ಜಾಗದ ಮೇಲೆ ದಿನಾ ಕಾರ್ ಹತ್ತಿಸಿಕೊಂಡು ಸಂಸಾರ ಮಾಡೋಕೆ ನನ್ನ ಕೈಲಾಗಲ್ಲ. ಈ ಮನೆ ಯಾರು ಬೇಕಾದರೂ ಕೊಳ್ಳಲಿ, ನಿನಗೆ ನಾನು ಮಾರಲ್ಲ."

"ಮನೆ ಬೇಡ. ನಾನೂ ಬೇಡವಾ?"

ಬೇಕು ಎನ್ನಲು ಅವಳಿಗೆ ಏಳು ವರ್ಷ ಅಡ್ಡ ನಿಂತಿತ್ತು.

"ಸಿಟ್ಟು ಹೋಗಿಲ್ಲ ಕಿಟ್ಟು. ನೀನು ಬೀದಿಯಿಂದ ಒಳಗೆ ಬಂದು ಏನಾಯ್ತು ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು."

"ಹೌದು. ಕರೆಯದೆ ಹೇಗೆ ಹೋಗೋದು ಅಂದ್ಕೊಂಡೆ. ಇನ್ನೊಂದು ನಿಮಿಷ, ಯಾರಾದರೂ ಬರ್ತಾರೆ, ಇನ್ನೊಂದು ನಿಮಿಷ ಅಂತ... ಆಮೇಲೆ ಎಲ್ಲರೂ ನೋಡ್ತಿದ್ದಾರೆ ಅನ್ನೋ ನಾಚಿಕೆ. ನನ್ನದೇ ತಪ್ಪು ಹರಿ. ಆವತ್ತಿನಿಂದ ಬೇರೆ ಯಾರನ್ನೂ ನೋಡೋಕೆ ಮನಸ್ಸಾಗಲಿಲ್ಲ. ನೀನು ಬೇಡ ಅಂದರೂ ನನಗೆ ನೀನೇ."

ಅವಳು ಎದ್ದು ನಿಂತಳು. ಅವನಿಗೆ ಕೈ ಕೊಟ್ಟು ಎಬ್ಬಿಸಿದಳು. ಆ ಕೈಯನ್ನು ಬೇಗ ಬಿಡಲಿಲ್ಲ.

"ಭಾನುವಾರ ಮನೆಗೆ ಬಾ. ಅಮ್ಮ ಬೈತಾಳೆ."

"ಬೈಲಿ."

"ಅಳ್ತಾಳೆ. ಅಪ್ಪ ಹೋಗಿದ್ದು ನಿನ್ನಿಂದಲೇ ಅಂತಾಳೆ. ಒಳಗೆ ಬಾ ಅಂತ ಮಾತ್ರ ಅನ್ನೋದೇ ಇಲ್ಲ."

"ಎಷ್ಟು ಹೊತ್ತಾದರೂ ಹೊರಗೇ ನಿಂತಿರ್ತೀನಿ."

"ನಿಲ್ಲಬೇಡ," ಎಂದಳು ಹರಿಪ್ರಿಯಾ. "ನಿನ್ನ ಕರೆಯೋಕೆ ಅಂತ ಇದ್ದವರು ಒಬ್ಬರೇ. ಅವರೂ ಹೋದರು. ನೀನೇ ಒಳಗೆ ಬಾ."