ಗಾಡಿ ನಿಲ್ಲಬೇಕಿತ್ತು

"ನಾನ್ಯಾಕ ಸಾಯಬೇಕ್ರಿ?"

ತಾಲೀಮಿನ ಮೊದಲ ದಿನವೇ ನಾಯಕಿ ಹೀಗೆ ಕೇಳಿದರೆ ನಾಟಕ ಬರೆದವನ ಗತಿ ಏನಾಗಬೇಡ!

ಬೋರಗಾಂವದ ಸಮುದಾಯ ಭವನದಲ್ಲಿ ಕೂತವರೆಲ್ಲ ನಾಟಕಕಾರ ಸಮಾಧಾನನ ಮುಖ ನೋಡಿದರು. ಹಗಲು ಅಪ್ಪನ ಪವರ್‌ಲೂಮ್ ನೋಡಿಕೊಂಡು, ಸಂಜೆ ನಾಟಕ ಬರೆಯುವ ಹುಡುಗ. ಊರವರ ಬಾಯಲ್ಲಿ 'ಕವಿ'.

ಕೇಳಿದವಳು ಪ್ರಾಜಕ್ತಾ, ನಿಪ್ಪಾಣಿಯ ಬಾಲವಾಡಿ ಟೀಚರ್. ನಾಟಕ ಮಂಡಳಿಯ ಅಧ್ಯಕ್ಷ ಭಾವುಸಾಹೇಬ ಕಾಡಿಬೇಡಿ ಅವಳನ್ನು ಕರೆತಂದಿದ್ದ. ಬಂದವಳು ಸುಮ್ಮನೆ ಮಾತು ಬಾಯಿಪಾಠ ಮಾಡುವ ಪೈಕಿ ಅಲ್ಲ ಎಂಬುದು ಆ ಕ್ಷಣವೇ ಎಲ್ಲರಿಗೂ ಗೊತ್ತಾಯಿತು!

ಸಮಾಧಾನ ಎದ್ದು ನಿಂತ. ಅವನ ಕಣ್ಣುಗಳು ಹೊಳೆಯುತ್ತಿದ್ದವು.

"ಸಾಯೂದು ದೊಡ್ಡದಲ್ರಿ. ಅದಕ್ಕಿಂತ ಮೊದಲ ಜನ ಉಸಿರು ಬಿಗಿಹಿಡಿಬೇಕು! ಪ್ರೇಮಿ ಬರಾಕತ್ತಾನ ಅಂತ ಜನಕ್ಕ ಗೊತ್ತೈತಿ, ನಿಮಗ ಗೊತ್ತಿಲ್ಲ. ನಿಮ್ಮ ಕೈಯಾಗ ವಿಷದ ಗ್ಲಾಸು. ಹೊರಗ ಅವನ ಬೈಕ್ ಗಾಡಿ ಸಪ್ಪಳ... ಹತ್ರ ಬರತೈತಿ... ಇನ್ನೂ ಹತ್ರ... ಒಮ್ಮೆಲೆ ಬಂದ್!"

"ಯಾಕ?"

"ಪೆಟ್ರೋಲ್ ಖಾಲಿ! ಅಂವಾ ಓಡಿ ಬರೂದ್ರಾಗ ನೀವು ಕುಡದಿರತೀರಿ."

ಪ್ರಾಜಕ್ತಾಳ ಮೈ ಜುಂ ಎಂದಿತು. "ಅಗಬಾಯೀ! ಎಷ್ಟ ಕಲ್ಲು ಮನಸ್ರೀ ನಿಮ್ದು!"

"ಗಾಡಿ ನಿಲ್ಲೂಮಟ ಗ್ಲಾಸು ತುಟಿಗೆ ಹಚ್ಚಬ್ಯಾಡ್ರಿ. ಪರದೆ ಹಿಂದ ಗಾಡಿ ಚಾಲೂ ಮಾಡಾಂವ, ಬಂದ್ ಮಾಡಾಂವ ನಾನ."

ಅಂದಿನಿಂದ ಪ್ರಾಜಕ್ತಾಳಿಗೆ ಸಂಜೆಯಾದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಾಲೀಮು ಮುಗಿದರೂ ಇಬ್ಬರ ಜಗಳ ಮುಗಿಯುತ್ತಿರಲಿಲ್ಲ. ನಾಯಕಿ ಇಲ್ಲಿ ಅಳಬೇಕೋ, ಸಿಟ್ಟಾಗಬೇಕೋ... ಚಹಾ ಆರಿ ತಣ್ಣಗಾದರೂ ಎಚ್ಚರವಿರುತ್ತಿರಲಿಲ್ಲ. 'ರೀ' ಹೋಗಿ ಯಾವಾಗ 'ನೀ' ಬಂತೋ ಅದೂ ತಿಳಿಯಲಿಲ್ಲ.

ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಸಮಾಧಾನ ಬೇರೆಲ್ಲೋ ನೋಡುತ್ತ ಹೇಳಿದ, "ನೀ ಹ್ವಾದ ಮ್ಯಾಲ ಈ ಊರಾಗ ಯಾರೂ ಇಲ್ಲದಂಗ ಆಗತೈತಿ."

ಪ್ರಾಜಕ್ತಾ ನಾಚಿಕೆಗೆ ನಕ್ಕುಬಿಟ್ಟಳು. ಬಸ್ಸು ಬಂತು, ಹತ್ತಿದಳು. ನಿಪ್ಪಾಣಿ ಬರುವವರೆಗೂ ಆ ಮಾತನ್ನೇ ಮೆಲುಕು ಹಾಕಿದಳು. 'ನಾಳೆ ಹೇಳಿಬಿಡಬೇಕು... ನನಗೂ ಹಾಗೇ ಆಗುತ್ತದೆ ಎಂದು!'

ಮರುದಿನ ತಾಲೀಮಿನಲ್ಲಿ ನಾಯಕನ ಪಾತ್ರದ ಅಮೋಲ ಅವಳೆದುರು ನಿಂತು ಹೊಸ ಮಾತು ಹೇಳಿದ.

"ನೀ ಹ್ವಾದ ಮ್ಯಾಲ ಈ ಊರಾಗ ಯಾರೂ ಇಲ್ಲದಂಗ ಆಗತೈತಿ!"

"ವಾಹ್ ಕವೀ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರಾಜಕ್ತಾಳ ಎದೆ ಧಸಕ್ಕೆಂದಿತು. 'ಅಂದರೆ... ನಿನ್ನೆಯದೂ ತಾಲೀಮೇ? ಮಾತು ಹೇಗೆ ಕೇಳಿಸುತ್ತದೆ ಎಂದು ನನ್ನ ಮೇಲೆ ಹೇಳಿ ನೋಡಿದನೇ?'

ಪಾಪ, ಕೇಳಿಬಿಡಬಹುದಿತ್ತು. ಆದರೆ ಅಭಿಮಾನ ಎಂಬುದೊಂದು ಇರುತ್ತದಲ್ಲ! ಅಂದಿನಿಂದ ಅವನೊಂದಿಗೆ ಮಾತು ಬಂದ್.

ನಾಟಕದ ದಿನ ಬಣ್ಣ ಹಚ್ಚಿಕೊಳ್ಳುವಾಗ ಸಮಾಧಾನ ಬಾಗಿಲಲ್ಲಿ ನಿಂತ. "ನನ್ನ ಮ್ಯಾಲ ಸಿಟ್ಟೇನು?"

"ಸಿಟ್ಟು ಯಾಕ? ಕಾಗವಾಡದಿಂದ ಒಂದು ಸಂಬಂಧ ಬಂದೈತಿ. ಅಪ್ಪ ಹೂಂ ಅನ್ನಂತಾನ. ನಾಳೆ ಹೂಂ ಅಂತೀನಿ."

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಊರಿಗೆಲ್ಲ ಮಾತು ಬರೆದುಕೊಡುವ ಮಹಾರಾಯ! ತಲೆ ಬಗ್ಗಿಸಿ ಪರದೆಯ ಹಿಂದೆ ನಡೆದುಬಿಟ್ಟ.

'ಹೋಗಲಿ, ನನಗೇನು!' ಎಂದುಕೊಂಡಳು ಪ್ರಾಜಕ್ತಾ. ಕಾಡಿಗೆ ಮಾತ್ರ ಎರಡು ಸಲ ಹಚ್ಚಬೇಕಾಯಿತು.

ಕೊನೆಯ ದೃಶ್ಯ ಬಂತು. ದೂರದ ಕೊಗನೊಳ್ಳಿಯಿಂದಲೂ ಜನ ಬಂದಿದ್ದರು, ಕಾಲಿಡಲು ಜಾಗವಿಲ್ಲ. ಪ್ರಾಜಕ್ತಾ ಗ್ಲಾಸು ಎತ್ತಿದಳು. ದೂರದಲ್ಲಿ ಗಾಡಿಯ ಸಪ್ಪಳ!

"ಕುಡಿಬ್ಯಾಡ ಬೇ ಯವ್ವಾ! ಬಂದಾನ ಅಂವಾ!" ಎಂದು ಮುಂದೆ ಕೂತಿದ್ದ ಜನಾಬಾಯಿ ಅಜ್ಜಿ ಚೀರಿದಳು.

"ಥಾಂಬ ಗ ಪೋರಿ!" ನಿಲ್ಲು ಹುಡುಗಿ ಎಂದು ಹಿಂದಿನಿಂದ ಇನ್ನೊಬ್ಬರು ಮರಾಠಿಯಲ್ಲಿ ಕೂಗಿದರು.

ಸಪ್ಪಳ ಹತ್ತಿರ ಬಂತು... ಇನ್ನೂ ಹತ್ತಿರ... ಇಲ್ಲಿ ನಿಲ್ಲಬೇಕು.

ನಿಲ್ಲಲಿಲ್ಲ!

ಪ್ರಾಜಕ್ತಾ ಗ್ಲಾಸು ಹಿಡಿದು ಕಾದಳು. ಗಾಡಿ ಗುರ್ರ್ ಎನ್ನುತ್ತಲೇ ಇದೆ. ಪಕ್ಕದ ಪರದೆಯಿಂದ ಅಮೋಲ ಪಿಸುಗುಟ್ಟಿದ, "ಕುಡಿ ಬೇ! ಕವಿಗೆ ಹುಚ್ಚ ಹಿಡದೈತಿ!"

ಆಗ ಹೊಳೆಯಿತು ಅವಳಿಗೆ. ಗಾಡಿ ನಿಂತರೆ ಅವಳು ಸಾಯಬೇಕು. ಅದನ್ನು ನಿಲ್ಲಿಸಲು ಸಮಾಧಾನನಿಗೆ ಕೈ ಬರುತ್ತಿಲ್ಲ! ತಿಂಗಳುಗಟ್ಟಲೆ ಕಟ್ಟಿದ ದೃಶ್ಯವನ್ನು ತಾನೇ ಮುರಿಯುತ್ತಿದ್ದಾನೆ.

ಅವಳ ಕಣ್ಣು ತುಂಬಿ ಬಂತು. ಗ್ಲಾಸು ಕೆಳಗಿಟ್ಟು, ನಾಟಕದಲ್ಲಿಲ್ಲದ ಮಾತೊಂದನ್ನು ಗಟ್ಟಿಯಾಗಿ ಹೇಳಿದಳು.

"ಹೊರಗ ಬಂದಾಂವ ಒಳಗ ಬರಲಿ! ನಾ ಸಾಯಾಂಗಿಲ್ಲ!"

ಜನ ಎದ್ದು ನಿಂತು ಸಿಳ್ಳೆ ಹೊಡೆದರು. ಕಂಗಾಲಾದ ಅಮೋಲ ಓಡಿ ಬಂದ. ಅವನಿಗೆ ಕೊಟ್ಟಿದ್ದೆಲ್ಲ ಹೆಣದ ಮುಂದೆ ಅಳುವ ಮಾತುಗಳೇ! ಬೇರೇನೂ ತೋಚದೆ ಎರಡೂ ಕೈ ಮುಗಿದ. ಭಾವುಸಾಹೇಬ ಪರದೆ ಎಳೆಸಿಬಿಟ್ಟ.

ಪ್ರಾಜಕ್ತಾ ನೇರ ಹಿಂದಕ್ಕೆ ಓಡಿದಳು. ಸಮಾಧಾನ ಇನ್ನೂ ಹ್ಯಾಂಡಲ್ ಹಿಡಿದೇ ನಿಂತಿದ್ದ. ಅವಳೇ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿದಳು.

"ನಾಟಕ ಕೆಡಿಸಿದ್ಯಲ್ಲೋ!"

"ಕೆಡಲಿ. ಸುಳ್ಳಾದ್ರೂ ನೀ ಸಾಯೂದು ನನಗ ಆಗಲಿಲ್ಲ."

"ಮತ್ತ ನನಗ ಹೇಳಿದ ಮಾತು ಅಮೋಲಗ ಯಾಕ ಕೊಟ್ಟಿ?"

"ನೀ ನಕ್ಕಬಿಟ್ಟಿ..." ಅವನು ಹ್ಯಾಂಡಲ್ ಬಿಟ್ಟು ಇತ್ತ ತಿರುಗಿದ. "ನಿನಗ ಬ್ಯಾಡಾದ ಮಾತು ಅನಿಸ್ತು. ಇಟ್ಕೊಂಡು ಏನ್ ಮಾಡ್ಲಿ ಅಂತ ನಾಟಕಕ್ಕ ಹಾಕಿದೆ. ತಪ್ಪಾತು."

"ಹುಚ್ಚಾ! ನಾಚಿಕಿಗೆ ನಕ್ಕೆ ನಾ! ಊರ ಮಂದಿ ಎದೆಬಡಿತ ಗೊತ್ತೈತಿ ನಿನಗ, ನಂದಷ್ಟ ತಿಳಿಲಿಲ್ಲ?"

"ಕಾಗವಾಡದವ್ರಿಗೆ..."

"ಬ್ಯಾಡಂತ ಹೇಳ್ತೀನಿ. ಆದ್ರ ನೀ ನಾಳೆ ನಮ್ಮನಿಗಿ ಬಂದು ಅಪ್ಪನ ಮುಂದ ಮಾತಾಡಬೇಕು."

"ಏನಂತ ಮಾತಾಡ್ಲಿ? ರಾತ್ರಿ ಕೂತು ಬರಕೊಂಡ ಬರ್ತೀನಿ ಪ್ರಾಜಕ್ತಾ..."

ಅವಳು ಗ್ರೀಸ್ ಹತ್ತಿದ ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಬರಕೊಂಡ ಬರಬ್ಯಾಡ. ಬಾಯಿಗೆ ಬಂದದ್ದು ಹೇಳು. ತಪ್ಪಿದ್ರೂ ನಿನ್ನ ಬಾಜೂಕ ನಾ ಇರ್ತೀನಿ."